ಪಾದದ ನರದ ನೋವು: ಆಪರೇಷನ್ ಮಾಡಿಸಬೇಕಾ, ಬೇಡ್ವಾ?

ಕಾಲು ನೋವು ಅಂತ ಬರುವವರಲ್ಲಿ ಒಂದು ಗುಂಪು ಬೇರೆಯೇ ಇದೆ. ಮೂಳೆ ಮುರಿದಿರುವುದಿಲ್ಲ, ಊತ ಇರುವುದಿಲ್ಲ, ಎಕ್ಸ್‌ರೇ ಸರಿಯಾಗೇ ಇರುತ್ತದೆ. ಆದರೆ ಅಂಗಾಲು ಉರಿಯುತ್ತದೆ, ಬೆರಳುಗಳ ನಡುವೆ ಕರೆಂಟ್ ಹೊಡೆಯುತ್ತದೆ, ರಾತ್ರಿ ಕಂಬಳಿ ತಾಗಿದರೂ ಸಹಿಸಲಾಗುವುದಿಲ್ಲ. ಶುರುವಾಗಿ ಆರು ತಿಂಗಳೋ ವರ್ಷವೋ ಆಗಿರುತ್ತದೆ. ಊರಿನ ಡಾಕ್ಟರು ಮಾತ್ರೆ ಬರೆದಿರುತ್ತಾರೆ, ಮಡಿಕೇರಿಯಲ್ಲಿ ಒಬ್ಬರು ಇಂಜೆಕ್ಷನ್ ಅಂದಿರುತ್ತಾರೆ, ಮೈಸೂರಿನಲ್ಲಿ ಇನ್ನೊಬ್ಬರು ಆಪರೇಷನ್ ಮಾಡಿಬಿಡೋಣ ಅಂದಿರುತ್ತಾರೆ. ಫೈಲು ದಪ್ಪ ಆಗುತ್ತದೆ, ತೀರ್ಮಾನ ಮಾತ್ರ ಆಗುವುದಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಕತ್ತಿಗಿಂತ ವ್ಯಾಯಾಮದ ಕಡೆ ನನ್ನ ಮನಸ್ಸು ವಾಲುತ್ತದೆ, ಅದನ್ನು ತಲೆಯಲ್ಲಿಟ್ಟುಕೊಂಡೇ ಓದಿ. ಆದರೂ ಕೆಲವರಿಗೆ ಆಪರೇಷನ್ನೇ ಸರಿಯಾದ ದಾರಿ. ಅವರು ಯಾರು, ಅಲ್ಲದವರು ಯಾರು ಅನ್ನೋದೇ ಇಲ್ಲಿಯ ವಿಷಯ.

ಯಾವುದನ್ನು ಇಟ್ಟು ತೂಗಬೇಕು

ಎಲ್ಲಕ್ಕಿಂತ ಮೊದಲ ಪ್ರಶ್ನೆ: ನರ ಸಿಕ್ಕಿಹಾಕಿಕೊಂಡಿರೋದು ಎಲ್ಲಿ? ನೋವಿನ ಜಾಗವನ್ನು ಒಂದೇ ಬೆರಳಿನಿಂದ ತೋರಿಸಿ ಅಂತ ಕೇಳುತ್ತೇನೆ. ಕೆಲವರು ಮೂರನೇ ಮತ್ತು ನಾಲ್ಕನೇ ಬೆರಳಿನ ಬುಡದ ನಡುವೆ ನೇರವಾಗಿ ಬೆರಳಿಡುತ್ತಾರೆ. ಕೆಲವರು ಪಾದದ ಗಂಟಿನ ಒಳಬದಿಯಲ್ಲಿ, ಉಬ್ಬಿದ ಮೂಳೆಯ ಹಿಂದೆ ತೋರಿಸುತ್ತಾರೆ. ಇನ್ನು ಕೆಲವರು ಇಡೀ ಅಂಗೈಯಿಂದ ಎರಡೂ ಪಾದ ಸವರಿ "ಇದೆಲ್ಲಾ" ಅನ್ನುತ್ತಾರೆ. ಮೊದಲ ಎರಡು ಗುಂಪಿನವರ ಜೊತೆ ಆಪರೇಷನ್ ಮಾತಾಡಬಹುದು. ಮೂರನೆಯವರಿಗೆ ಬಹುತೇಕ ಆ ಮಾತೇ ಬೇಡ.

ಬೆರಳುಗಳ ಬುಡದಲ್ಲಿ ನರದ ಸುತ್ತಲ ಪೊರೆ ದಪ್ಪವಾಗಿ ಗಂಟಾಗುವುದಕ್ಕೆ ಮಾರ್ಟನ್ಸ್ ನ್ಯೂರೋಮಾ ಅನ್ನುತ್ತಾರೆ. 1876ರಲ್ಲಿ ಅಮೆರಿಕದ ಮಾರ್ಟನ್ ಅನ್ನುವ ಡಾಕ್ಟರು ಇದರ ಬಗ್ಗೆ ಬರೆದರು, ಹೆಸರು ಹಾಗೆ ಉಳಿಯಿತು. ಹೆಸರು ಕೇಳಿ ಕ್ಯಾನ್ಸರ್ ಅಂತ ಹೆದರಬೇಡಿ, ಇದು ಗಡ್ಡೆಯೇ ಅಲ್ಲ. ಬೂಟಿನೊಳಗೆ ಸಣ್ಣ ಕಲ್ಲು ಸೇರಿಕೊಂಡಿದೆ ಅನ್ನಿಸುತ್ತದೆ, ಬಿಚ್ಚಿ ನೋಡಿದರೆ ಏನೂ ಇರುವುದಿಲ್ಲ. ಹೆಂಗಸರಲ್ಲಿ ಜಾಸ್ತಿ. ಪಾದದ ಗಂಟಿನ ಒಳಬದಿಯಲ್ಲಿ ಪಟ್ಟಿಯಂಥ ಪದರದ ಕೆಳಗೆ ನರ ಒತ್ತಿಕೊಂಡರೆ ಅದು ಟಾರ್ಸಲ್ ಟನಲ್. ಅಲ್ಲಿ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಅಂಗಾಲಿನವರೆಗೆ ಜುಂ ಅನ್ನುತ್ತದೆ.

ಎರಡೂ ಪಾದ ಒಂದೇ ತರ ಉರಿಯುತ್ತಾ, ಬೆರಳ ತುದಿಯಿಂದ ಶುರುವಾಗಿ ಕಾಲುಚೀಲದ ಎತ್ತರಕ್ಕೆ ಏರುತ್ತಿದ್ದರೆ ಕಾರಣ ಒಂದು ಜಾಗದಲ್ಲಿಲ್ಲ. ಸಕ್ಕರೆ ಕಾಯಿಲೆ, ವಿಟಮಿನ್ ಬಿ12 ಕೊರತೆ, ಥೈರಾಯ್ಡ್, ವರ್ಷಗಟ್ಟಲೆ ಕುಡಿತ, ಇವುಗಳಲ್ಲಿ ಯಾವುದಾದರೂ ಇರಬಹುದು. ಪಂದಿಕರಿ ತಿನ್ನುವವರಿಗೆ ಬಿ12 ಕಮ್ಮಿ ಆಗುತ್ತಾ ಅಂತ ನಗಬೇಡಿ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತೆಗೆದುಕೊಂಡರೆ ಮಾಂಸ ತಿನ್ನುವವರಲ್ಲೂ ಬಿ12 ಇಳಿಯಬಹುದು. ಸ್ಪರ್ಶ ತಿಳಿಯದ ಮಚ್ಚೆ ಮೈಮೇಲೆ ಎಲ್ಲಾದರೂ ಇದ್ದರೆ ಕುಷ್ಠರೋಗದ ಪರೀಕ್ಷೆ ಆಗಲೇಬೇಕು. ಅದರ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಮುಚ್ಚಿಡುವ ಕಾಯಿಲೆ ಅದಲ್ಲ. ಇನ್ನು ಸೊಂಟದಿಂದ ತೊಡೆ, ಮೀನಖಂಡ ದಾಟಿ ಪಾದಕ್ಕೆ ಇಳಿಯುವ ನೋವಿನ ಮೂಲ ಬೆನ್ನಿನಲ್ಲಿರುತ್ತದೆ. ಅಂಥವರ ಪಾದಕ್ಕೆ ಕತ್ತಿ ಇಟ್ಟು ಏನೂ ಸಿಗುವುದಿಲ್ಲ.

ಎರಡನೆಯದು, ನೋವು ಮಾತ್ರವಾ, ಬಲವೂ ಹೋಗುತ್ತಿದೆಯಾ? ಮೂರನೆಯದು, ಸಣ್ಣ ಉಪಾಯಗಳನ್ನು ನಿಜಕ್ಕೂ ಮಾಡಿದ್ದೀರಾ, ಅಥವಾ ಎರಡು ವಾರ ಮಾಡಿ ಬಿಟ್ಟಿದ್ದೀರಾ? ನಾಲ್ಕನೆಯದು, ಎಷ್ಟು ವಾರ ಕಾಲು ಊರದೆ ಇರಬಲ್ಲಿರಿ, ಆ ವಾರಗಳಲ್ಲಿ ತೋಟ, ಮನೆ, ಹಸು ನೋಡುವವರು ಯಾರು? ದುಡ್ಡಿನ ಲೆಕ್ಕ ಇದರ ಜೊತೆಗೇ ಬರುತ್ತದೆ. ಕೊನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ: ನೋವು ಹೋಗಿ ಆ ಜಾಗ ಶಾಶ್ವತವಾಗಿ ಮರಗಟ್ಟಿದರೆ ನಿಮಗೆ ಪರವಾಗಿಲ್ವಾ?

ಬೂಟು, ಪ್ಯಾಡು, ವ್ಯಾಯಾಮ

ಅತಿ ಅಗ್ಗದ್ದು ಇದು, ಅತಿ ಹೆಚ್ಚು ಅಸಡ್ಡೆಗೆ ಒಳಗಾಗಿರೋದೂ ಇದೇ. ನಮ್ಮ ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲಿಗೆ ಗಂಬೂಟ್. ಒಳಗೆ ಎರಡು ಜೊತೆ ಕಾಲುಚೀಲ, ಜಿಗಣೆ ಹತ್ತದಿರಲಿ ಅಂತ ಬಿಗಿಯಾಗಿ. ಮುಂಪಾದ ಅದರಲ್ಲಿ ಹಿಂಡಿಹೋಗುತ್ತದೆ. ಆಮೇಲೆ ಫೆಬ್ರವರಿ, ಮಾರ್ಚ್ ಬಂದರೆ ಕರಿಮೆಣಸು ಕೊಯ್ಯುವ ಏಣಿ. ಏಣಿಯ ಮೆಟ್ಟಿಲು ಒತ್ತುವುದು ಎಲ್ಲಿ ಅಂತ ಒಮ್ಮೆ ನೋಡಿ. ಬೆರಳುಗಳ ಬುಡದ ಹಿಂದೆ, ಸರಿಯಾಗಿ ಆ ನರ ಹಾದುಹೋಗುವ ಜಾಗದಲ್ಲಿ. ಗೊನೆ ಕಿತ್ತು ಮುಗಿಯುವವರೆಗೂ ಮೈಭಾರವೆಲ್ಲ ಅಲ್ಲೇ ನಿಂತಿರುತ್ತದೆ.

ಹಾಗಾಗಿ ಒಂದು ಸೈಜ್ ದೊಡ್ಡದಾದ, ಮುಂದೆ ಅಗಲ ಇರುವ ಗಂಬೂಟ್ ತೆಗೆದುಕೊಳ್ಳಿ. ಒಳಗೆ ಮೆಟಟಾರ್ಸಲ್ ಪ್ಯಾಡ್, ಅಂದರೆ ಮುಂಪಾದಕ್ಕೆ ಆಸರೆ ಕೊಡುವ ಸಣ್ಣ ಮೆತ್ತೆ, ಹಾಕಿ. ಇದನ್ನು ನೋವಿನ ಜಾಗಕ್ಕೇ ಇಡುವ ತಪ್ಪು ಬಹಳ ಜನ ಮಾಡುತ್ತಾರೆ. ಇಡಬೇಕಾದ್ದು ನೋವಿಗಿಂತ ಸ್ವಲ್ಪ ಹಿಂದೆ, ಹಿಮ್ಮಡಿಯ ಕಡೆಗೆ. ಆಗ ಮೂಳೆಗಳು ಅಗಲವಾಗಿ ಹರಡಿ ನರಕ್ಕೆ ಜಾಗ ಸಿಗುತ್ತದೆ. ಮೀನಖಂಡ ಹಿಗ್ಗಿಸುವ ವ್ಯಾಯಾಮ, ಪಾದದ ಸಣ್ಣ ಸ್ನಾಯುಗಳ ವ್ಯಾಯಾಮ ಜೊತೆಗಿರಲಿ. ಟಾರ್ಸಲ್ ಟನಲ್ ಇದ್ದು ಪಾದ ಚಪ್ಪಟೆಯಾಗಿದ್ದರೆ ಒಳಕಮಾನಿಗೆ ಆಸರೆ ಕೊಡುವ ಇನ್‌ಸೋಲ್ ಬೇಕು.

ಖರ್ಚು ಕೆಲವು ನೂರರಿಂದ ಒಂದೆರಡು ಸಾವಿರ ರೂಪಾಯಿ. ಹಾನಿ ಏನೂ ಇಲ್ಲ. ಆದರೆ ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು. ಡಾಕ್ಟರ ಮುಂದೆ "ಎಲ್ಲಾ ಮಾಡಿ ನೋಡಿದೆ" ಅನ್ನುವವರ ಪ್ಯಾಡು ಪ್ಲಾಸ್ಟಿಕ್ ಕವರಿನಲ್ಲೇ ಹೊಸದಾಗಿ ಕೂತಿರುವುದನ್ನು ನಾನು ನೋಡಿದ್ದೇನೆ.

ಮನೆಮದ್ದಿನ ಬಗ್ಗೆ ಒಂದು ಮಾತು. ಎಣ್ಣೆ ತಿಕ್ಕಿ, ತೊಂದರೆ ಇಲ್ಲ. ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ಮದ್ದುಸೊಪ್ಪಿನ ಪಾಯಸ ಖಂಡಿತ ತಿನ್ನಿ, ನರದ ಗಂಟು ಕರಗುತ್ತದೆ ಅಂತ ಮಾತ್ರ ಕಾಯಬೇಡಿ. ಮಳೆಗಾಲದಲ್ಲಿ ಒಲೆ ಮುಂದೆ ಕಾಲು ಚಾಚಿ ಕೂರುವುದು ಮಾತ್ರ ಅಪಾಯ. ಪಾದ ಮರಗಟ್ಟಿದ್ದರೆ ಬಿಸಿ ಎಷ್ಟಾಯಿತು ಅಂತ ಗೊತ್ತಾಗುವುದಿಲ್ಲ. ಚರ್ಮ ಬೊಬ್ಬೆ ಬಂದ ಮೇಲೆ ಗೊತ್ತಾಗುತ್ತದೆ. ಬಿಸಿನೀರಿನ ಬಕೆಟ್ಟಿಗೂ ಮೊದಲು ಮೊಣಕೈ ಅದ್ದಿ ನೋಡಿ, ಆಮೇಲೆ ಪಾದ ಇಡಿ.

ಮಾತ್ರೆ

ಸಾಮಾನ್ಯ ಪೇನ್‌ಕಿಲ್ಲರ್ ನರದ ನೋವಿಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಸುಮ್ನೆ ಹೊಟ್ಟೆ, ಕಿಡ್ನಿ ಹಾಳು. ಇದಕ್ಕೆ ಕೊಡುವುದು ಪ್ರಿಗಾಬಲಿನ್, ಗಾಬಾಪೆಂಟಿನ್, ಡುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್ ತರದ ಮಾತ್ರೆಗಳು. ಇವು ಒತ್ತಿಕೊಂಡ ನರವನ್ನು ಬಿಡಿಸುವುದಿಲ್ಲ, ಅದು ಕಳಿಸುವ ನೋವಿನ ಸುದ್ದಿಯನ್ನು ತಗ್ಗಿಸುತ್ತವೆ. ನೋವು ಅರ್ಧಕ್ಕೆ ಇಳಿದರೆ ಮಾತ್ರೆ ಗೆದ್ದ ಲೆಕ್ಕ, ಪೂರ್ತಿ ಹೋಗುವುದು ಅಪರೂಪ.

ಎರಡೂ ಪಾದ ಉರಿಯುವ ಸಕ್ಕರೆ ಕಾಯಿಲೆಯವರಿಗೆ ಮುಖ್ಯ ದಾರಿ ಇದೇ, ಜೊತೆಗೆ ಸಕ್ಕರೆ ಹತೋಟಿ. ಆದರೆ ತಲೆಸುತ್ತು, ತೂಕಡಿಕೆ ಬರುತ್ತದೆ. ಪ್ರಿಗಾಬಲಿನ್ ಶುರುಮಾಡಿದ ವಾರಗಳಲ್ಲಿ ಏಣಿ ಹತ್ತಲೇಬೇಡಿ. ಸಂಜೆ ಎರಡು ಪೆಗ್ ಹಾಕುವವರು ಅದನ್ನು ಡಾಕ್ಟರ ಹತ್ತಿರ ಮುಚ್ಚಿಡಬೇಡಿ, ಎರಡೂ ಸೇರಿದರೆ ಮಂಪರು ಹೆಚ್ಚುತ್ತದೆ. ಪ್ರಾಸ್ಟೇಟ್ ತೊಂದರೆ ಅಥವಾ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇರುವ ಹಿರಿಯರಿಗೆ ಅಮಿಟ್ರಿಪ್ಟಿಲಿನ್ ಸರಿಹೋಗದಿರಬಹುದು. ಯಾವುದನ್ನೂ ದಿಢೀರ್ ಅಂತ ನಿಲ್ಲಿಸಬಾರದು.

ಇಂಜೆಕ್ಷನ್: ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು

ಇಲ್ಲಿ ಸ್ವಲ್ಪ ನಿಲ್ಲೋಣ. ಆಪರೇಷನ್ ತೀರ್ಮಾನದ ಕೀಲಿ ಇರೋದು ಇಲ್ಲೇ ಅಂತ ನನ್ನ ಅಭಿಪ್ರಾಯ.

ಸ್ಟೀರಾಯ್ಡ್ ಇಂಜೆಕ್ಷನ್ ಜೊತೆ ಮರಗಟ್ಟಿಸುವ ಔಷಧಿಯನ್ನೂ ಸಾಮಾನ್ಯವಾಗಿ ಸೇರಿಸುತ್ತಾರೆ. ಆ ಔಷಧಿ ಕೆಲವು ಗಂಟೆ ಮಾತ್ರ ಇರುತ್ತದೆ. ಆ ಕೆಲವು ಗಂಟೆಗಳನ್ನು ವ್ಯರ್ಥ ಮಾಡಬೇಡಿ. ಬೇರೆಯವರಿಂದ ಗಾಡಿ ಓಡಿಸಿಕೊಂಡು ಬನ್ನಿ, ಆಸ್ಪತ್ರೆ ಕಾರಿಡಾರಿನಲ್ಲಿ ನಡೆಯಿರಿ, ಮೆಟ್ಟಿಲು ಹತ್ತಿ, ನೋವು ಬರಿಸುವ ಅದೇ ಬೂಟು ಹಾಕಿ ನೋಡಿ. ನೋವು ಮಾಯವಾದರೆ ಮೂಲ ಅಲ್ಲೇ ಇದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ. ಪಾದ ಮರಗಟ್ಟಿದರೂ ನೋವು ಹಾಗೇ ಇದ್ದರೆ ಬೇರೆ ಕಡೆ ಹುಡುಕಬೇಕು, ಆ ಜಾಗಕ್ಕೆ ಆಪರೇಷನ್ ಮಾಡಿಸಬಾರದು. ಎಷ್ಟು ಕಡಿಮೆಯಾಯಿತು, ಎಷ್ಟು ಹೊತ್ತು ಇತ್ತು ಅಂತ ಚೀಟಿಯಲ್ಲಿ ಬರೆದಿಡಿ. ಸರ್ಜನ್‌ಗೆ ಎಂಆರ್‌ಐ ರಿಪೋರ್ಟಿನಷ್ಟೇ ಬೆಲೆಬಾಳುವ ಚೀಟಿ ಅದು. ಎಂಆರ್‌ಐಯಲ್ಲಿ ಗಂಟು ಕಂಡರೂ ನೋವೇ ಇಲ್ಲದವರು ಇದ್ದಾರೆ. ನರದ ಕರೆಂಟ್ ಪರೀಕ್ಷೆ ಸರಿಯಾಗಿ ಬಂದರೂ ಟಾರ್ಸಲ್ ಟನಲ್ ಇರುವವರೂ ಇದ್ದಾರೆ.

ಸ್ಟೀರಾಯ್ಡಿನ ಗುಣ ಕೆಲವು ವಾರದಿಂದ ಕೆಲವು ತಿಂಗಳು. ಕೆಲವರಿಗೆ ಅಷ್ಟರಲ್ಲೇ ಬೂಟು ಬದಲಾಗಿ ನೋವು ವಾಪಸ್ ಬರುವುದೇ ಇಲ್ಲ. ಆದರೆ ಪದೇ ಪದೇ ಹಾಕಿಸಿದರೆ ಅಂಗಾಲಿನ ಕೊಬ್ಬಿನ ಮೆತ್ತೆ ಸವೆಯುತ್ತದೆ, ಆಮೇಲೆ ಕಲ್ಲಿನ ದಾರಿಯಲ್ಲಿ ನಡೆಯುವುದೇ ಕಷ್ಟ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ. ಆಲ್ಕೋಹಾಲ್ ಇಂಜೆಕ್ಷನ್, ರೇಡಿಯೋಫ್ರೀಕ್ವೆನ್ಸಿಯಿಂದ ನರ ಸುಡುವುದು ಇವೂ ಇವೆ. ಫಲಿತಾಂಶ ಒಬ್ಬೊಬ್ಬರಿಗೆ ಒಂದೊಂದು ತರ. ಆಪರೇಷನ್ ಬೇಡವೇ ಬೇಡ ಅನ್ನುವವರು ಕೇಳಿ ನೋಡಬಹುದು, ಅಷ್ಟೆ.

ಆಪರೇಷನ್

ಆಪರೇಷನ್ ಅಂದರೆ ಒಂದೇ ಅಲ್ಲ. ಮಾರ್ಟನ್ಸ್ ನ್ಯೂರೋಮಾಕ್ಕೆ ಬಹುತೇಕ ಮಾಡುವುದು ಆ ನರದ ತುಂಡನ್ನೇ ಕತ್ತರಿಸಿ ತೆಗೆಯುವುದು. ಕೆಲವು ಸರ್ಜನ್‌ಗಳು ನರ ಉಳಿಸಿ ಮೇಲಿನ ಕಟ್ಟು ಮಾತ್ರ ಬಿಡಿಸುತ್ತಾರೆ. ಕತ್ತರಿಸಿದರೆ ಸುಮಾರು ಹತ್ತರಲ್ಲಿ ಏಳೆಂಟು ಮಂದಿಗೆ ಸಮಾಧಾನ ಸಿಗುತ್ತದೆ. ಅಂದರೆ ಎರಡು ಮೂರು ಮಂದಿಗೆ ಸಿಗುವುದಿಲ್ಲ, ಇದನ್ನು ಎರಡು ಸಲ ಓದಿಕೊಳ್ಳಿ. ಎರಡು ಬೆರಳುಗಳ ನಡುವೆ ಮರಗಟ್ಟುವುದು ಸಾಮಾನ್ಯವಾಗಿ ಜೀವನಪರ್ಯಂತ. ಹೆಚ್ಚಿನವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಬರಿಗಾಲಲ್ಲಿ ಕಣದಲ್ಲಿ ಓಡಾಡುವವರು ಮುಳ್ಳು ಚುಚ್ಚಿದೆಯಾ ಅಂತ ದಿನಾ ನೋಡಿಕೊಳ್ಳಬೇಕು. ಕತ್ತರಿಸಿದ ನರದ ತುದಿಯಲ್ಲೇ ಮತ್ತೆ ಗಂಟು ಕಟ್ಟುವುದೂ ಉಂಟು. ಆಗಿನ ನೋವು ಮೊದಲಿಗಿಂತ ಜೋರಾಗಿರಬಹುದು, ಎರಡನೇ ಆಪರೇಷನ್ ಮೊದಲಿನಷ್ಟು ಗೆಲ್ಲುವುದಿಲ್ಲ.

ಗಾಯ ಎಲ್ಲಿ ಮಾಡುತ್ತಾರೆ ಅಂತ ಕೇಳಿ. ಪಾದದ ಮೇಲ್ಭಾಗದಿಂದ ಹೋದರೆ ವಿಶೇಷ ಚಪ್ಪಲಿ ಹಾಕಿ ಬೇಗ ಹಿಮ್ಮಡಿಯ ಮೇಲೆ ನಡೆಯಬಹುದು. ಅಂಗಾಲಿನಿಂದ ಹೋದರೆ ಎರಡು ಮೂರು ವಾರ ಊರುವಂತಿಲ್ಲ, ಕಲೆಯ ಜಾಗ ನಡೆಯುವಾಗ ಚುಚ್ಚಲೂಬಹುದು. ಹೊಲಿಗೆ ಬಿಚ್ಚಲು ಎರಡು ವಾರ, ಸಾಧಾರಣ ಬೂಟಿಗೆ ಆರು ವಾರ ಅಂತ ಇಟ್ಟುಕೊಳ್ಳಿ. ಗಂಬೂಟಿನಲ್ಲಿ ಇಡೀ ದಿನ ಇಳಿಜಾರು ಹತ್ತಿ ಇಳಿಯೋದಕ್ಕೆ ಇನ್ನೂ ಜಾಸ್ತಿ.

ಟಾರ್ಸಲ್ ಟನಲ್ ಆಪರೇಷನ್ನಿನ ಲೆಕ್ಕ ಬೇರೆ. ಅಲ್ಲಿ ನರ ಕತ್ತರಿಸುವುದಿಲ್ಲ, ಮೇಲಿನ ಪಟ್ಟಿ ಬಿಡಿಸುತ್ತಾರೆ. ಫಲಿತಾಂಶಗಳು ಬಹಳ ಏರುಪೇರು. ಕೆಲವು ವರದಿಗಳಲ್ಲಿ ಅರ್ಧಕ್ಕಿಂತ ಕಡಿಮೆ ಜನಕ್ಕೆ ಗುಣ, ಕೆಲವದರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ. ಗಂಟು, ನೀರುಗುಳ್ಳೆ, ಉಬ್ಬಿದ ರಕ್ತನಾಳ ಹೀಗೆ ಒತ್ತುವ ವಸ್ತು ಸ್ಕ್ಯಾನಿನಲ್ಲಿ ಕಂಡಿದ್ದರೆ ಗೆಲುವು ಹೆಚ್ಚು. ಏನೂ ಕಾಣದೆ ಬರೀ ಅಂದಾಜಿನ ಮೇಲೆ ಮಾಡಿಸಿದರೆ ಕಮ್ಮಿ. ನರ ಚೇತರಿಸಿಕೊಳ್ಳುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಲೆಕ್ಕದಲ್ಲಿ. ಪೂರ್ತಿ ಫಲ ಗೊತ್ತಾಗಲು ಆರು ತಿಂಗಳಿಂದ ವರ್ಷ. ಆಪರೇಷನ್ ಆದ ತಿಂಗಳಿಗೇ "ಸುಮ್ನೆ ಮಾಡಿಸಿದೆ" ಅಂತ ಕೂಗಾಡುವವರಿಗೆ ಇದನ್ನು ಮೊದಲೇ ಯಾರೂ ಹೇಳಿರುವುದಿಲ್ಲ.

ಸಕ್ಕರೆ ಕಾಯಿಲೆಯಿಂದ ಎರಡೂ ಪಾದ ಉರಿಯುವವರಿಗೆ ನರಗಳ ಒತ್ತಡ ಬಿಡಿಸುವ ಆಪರೇಷನ್ ಕೆಲವೆಡೆ ಮಾಡುತ್ತಾರೆ. ಅಮೆರಿಕದ ನರವೈದ್ಯರ ಅಕಾಡೆಮಿ 2006ರಲ್ಲಿ ಪರಿಶೀಲಿಸಿ, ಇದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂದಿತು. ನಾನಾದರೆ ನನ್ನ ಮನೆಯವರಿಗೆ ಮಾಡಿಸುವುದಿಲ್ಲ. ಯಾವುದಕ್ಕೂ ಬಗ್ಗದ ನೋವಿಗೆ ಬೆನ್ನುಹುರಿಯ ಹತ್ತಿರ ಸ್ಟಿಮ್ಯುಲೇಟರ್ (ಸಣ್ಣ ಕರೆಂಟ್ ಕೊಡುವ ಸಾಧನ) ಕೂರಿಸುವ ವಿಧಾನವೂ ಇದೆ, ಆದರೆ ಅದು ಹಲವು ಲಕ್ಷದ ಮಾತು.

ಪಾದ ಊದಿ, ಬಣ್ಣ ಬದಲಾಗಿ, ಬೆವರಿ, ಗಾಳಿ ಸೋಕಿದರೂ ಉರಿಯುತ್ತಿದ್ದರೆ ಅದು ಸಿಆರ್‌ಪಿಎಸ್, ಅಂದರೆ ನರಗಳು ಅತಿಯಾಗಿ ಕೆರಳಿ ಬರುವ ನೋವಿನ ಕಾಯಿಲೆ, ಇರಬಹುದು. ಅಂಥ ಕಾಲಿಗೆ ಕತ್ತಿ ಇಟ್ಟರೆ ನೋವು ಕೆರಳುವ ಭಯವಿದೆ. ಅವರು ಮೊದಲು ಪೇನ್ ಕ್ಲಿನಿಕ್ ನೋಡಬೇಕು.

ಜೇಬು, ದಾರಿ, ತಿಂಗಳು

ಖಾಸಗಿಯಲ್ಲಿ ಪಾದದ ಇಂಜೆಕ್ಷನ್ನಿಗೆ ಕೆಲವು ಸಾವಿರ, ಆಪರೇಷನ್ನಿಗೆ ಹತ್ತಾರು ಸಾವಿರ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30ರಷ್ಟು, ಗರಿಷ್ಠ 1.5 ಲಕ್ಷ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ. ಆದ್ದರಿಂದ ಮೊದಲು ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ತೋರಿಸಿ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡು, ಮಾಜಿ ಸೈನಿಕರು ಇಸಿಎಚ್‌ಎಸ್ ಕಾರ್ಡು ಮರೆಯಬೇಡಿ. ಯಾವ ಯೋಜನೆಯಾದರೂ ನಿಮ್ಮ ಆಪರೇಷನ್ನಿನ ಹೆಸರು ಪಟ್ಟಿಯಲ್ಲಿದೆಯಾ ಅಂತ ದಾಖಲಾಗುವ ಮೊದಲೇ ಕೇಳಿ.

ದಾರಿಯೂ ಖರ್ಚೇ. ರೈಲು ನಮ್ಮ ಜಿಲ್ಲೆಗೆ ಇಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಸುಮಾರು 140. ಡ್ರೆಸ್ಸಿಂಗ್, ಹೊಲಿಗೆ, ಚೆಕಪ್ ಅಂತ ಹಲವು ಸಲ ಓಡಾಟ. ಕಾಲು ಕೆಳಗೆ ಬಿಟ್ಟುಕೊಂಡು ಘಾಟಿಯ ತಿರುವುಗಳಲ್ಲಿ ಕೂತರೆ ಗಾಯ ಊದುತ್ತದೆ, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಹೋಗಿ. ಬಲಗಾಲಾದರೆ ಜೋರಾಗಿ ಬ್ರೇಕ್ ಒತ್ತಲು ಆಗುವವರೆಗೆ ಸ್ಟಿಯರಿಂಗ್ ಮುಟ್ಟಬೇಡಿ. ಎಡಗಾಲಾದರೆ ಜೀಪಿನ ಕ್ಲಚ್ ಕೂಡ ಅಷ್ಟೇ ಕಷ್ಟ.

ಇನ್ನು ತಿಂಗಳು. ಅರೇಬಿಕಾ ಕೊಯ್ಲು ಶುರುವಾದ ಮೇಲೆ ರೋಬಸ್ಟಾ, ಅದರ ಬೆನ್ನಿಗೆ ಮೆಣಸು. ನವೆಂಬರಿನಿಂದ ಮಾರ್ಚ್‌ವರೆಗೆ ಯಾರಿಗೂ ಪುರುಸೊತ್ತಿಲ್ಲ. ಮಳೆಗಾಲದಲ್ಲಿ ಗಾಯ ಒಣಗಿಸಿಡುವುದೇ ಸಾಹಸ, ಜೊತೆಗೆ ರಸ್ತೆಯ ಭರವಸೆ ಇಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದದ್ದು ನೆನಪಿದೆ ಅಲ್ವಾ? ತುರ್ತಿಲ್ಲದ ಆಪರೇಷನ್ನಿಗೆ ಏಪ್ರಿಲ್ ಮೊದಲ ವಾರ ನನಗೆ ಸರಿ ಕಾಣುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಗಾಯ ಗಟ್ಟಿಯಾಗಿರುತ್ತದೆ. ಮದುವೆಗಳು ತಪ್ಪುತ್ತವೆ, ಹಾಕಿ ಪಂದ್ಯ ಮಾತ್ರ ಕಾಲು ಮೇಲಿಟ್ಟುಕೊಂಡು ನೋಡಬಹುದು.

ಯಾರಿಗೆ ಯಾವುದು

ದಿನಗೂಲಿಯಲ್ಲಿ ತೋಟದ ಕೆಲಸ ಮಾಡುವ ಹೆಂಗಸಿಗೆ, ಬೆರಳುಗಳ ನಡುವೆ ನೋವು ಅಂದುಕೊಳ್ಳಿ. ಅಗಲ ಬೂಟು, ಪ್ಯಾಡು, ಏಣಿ ಕೆಲಸದಿಂದ ಬಿಡುವು, ಬೇಕಾದರೆ ಒಂದು ಇಂಜೆಕ್ಷನ್. ಮೇಸ್ತ್ರಿಯ ಹತ್ತಿರ ಕಣದ ಕೆಲಸ ಕೇಳಿ ಪಡೆದರೆ ಅದೇ ಅರ್ಧ ಔಷಧಿ. ಮೂರ್ನಾಲ್ಕು ತಿಂಗಳಲ್ಲಿ ಗುಣ ಕಾಣದೆ, ಮರಗಟ್ಟಿಸಿದಾಗ ಮಾತ್ರ ನೋವು ಹೋಗುತ್ತಿದ್ದರೆ ಆಪರೇಷನ್ ಮಾಡಿಸುವುದರಲ್ಲಿ ಅರ್ಥವಿದೆ. ಆರು ವಾರದ ಕೂಲಿ ಎಲ್ಲಿಂದ ಅನ್ನುವುದು ತೀರ್ಮಾನವಾದ ಮೇಲೆ ತಾರೀಕು ಹಾಕಿಸಿ.

ಸಕ್ಕರೆ ಕಾಯಿಲೆ ಇರುವ ಅರವತ್ತರ ಬೆಳೆಗಾರರಿಗೆ ಎರಡೂ ಪಾದ ಉರಿಯುತ್ತಿದ್ದರೆ ಮಾತ್ರೆ, ಬಿ12, ಸಕ್ಕರೆ ಹತೋಟಿ, ದಿನಾ ಪಾದ ನೋಡಿಕೊಳ್ಳುವುದು. ಜಿಗಣೆ ಕಚ್ಚಿದ ಜಾಗ ಕೂಡ ಅವರಲ್ಲಿ ಹುಣ್ಣಾಗಬಹುದು. ಅದರ ಮೇಲೆ ಒಂದೇ ಕಾಲಿನಲ್ಲಿ ಬೇರೆ ತರದ ನೋವು ಸೇರಿಕೊಂಡಿದ್ದರೆ ಮಾತ್ರ ಪರೀಕ್ಷೆ ಮುಂದುವರಿಸಿ. ಆಪರೇಷನ್ ಆಗಲೇಬೇಕು ಅಂದರೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 8ರೊಳಗೆ ಬರಲಿ ಅಂತ ಹಲವು ಸರ್ಜನ್‌ಗಳು ಕಾಯುತ್ತಾರೆ. ಬೀಡಿ, ಸಿಗರೇಟು ಬಿಟ್ಟಿರಬೇಕು, ಇಲ್ಲದಿದ್ದರೆ ಗಾಯ ಮಾಯುವುದು ನಿಧಾನ.

ಟಾರ್ಸಲ್ ಟನಲ್‌ನಲ್ಲಿ ಗಂಟು ಕಂಡಿದ್ದು, ಪಾದದ ಸ್ನಾಯು ಸೊರಗುತ್ತಿದ್ದರೆ ಕಾಯುತ್ತಾ ಕೂರುವುದು ನಷ್ಟ. ಆ ಗುಂಪಿಗೆ ನಾನೇ ಬೇಗ ಸರ್ಜನ್ ಹತ್ತಿರ ಹೋಗಿ ಅನ್ನುತ್ತೇನೆ. ಮಾರ್ಟನ್ಸ್ ನ್ಯೂರೋಮಾದಲ್ಲಿ ಆ ಆತುರವಿಲ್ಲ. ಇನ್ನೊಂದು ಕೊಯ್ಲು ಮುಗಿಸಿಕೊಂಡು ಹೋದರೂ ಆಪರೇಷನ್ ಕೈತಪ್ಪುವುದಿಲ್ಲ.

ಪಾದ ಎತ್ತಲಾಗದೆ ನೆಲಕ್ಕೆ ತಾಗುತ್ತಿದ್ದರೆ, ಮೂತ್ರದ ಹಿಡಿತ ತಪ್ಪಿದರೆ, ಪಾದ ಒಮ್ಮೆಲೇ ತಣ್ಣಗಾಗಿ ಕಪ್ಪಗಾದರೆ ಈ ಹೋಲಿಕೆಯೆಲ್ಲ ಬದಿಗಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.

ಸರ್ಜನ್ ಎದುರು ಕೂತಾಗ ಇಷ್ಟು ಕೇಳಿ. ಯಾವ ನರ, ಎಲ್ಲಿ ಒತ್ತಿದೆ, ಅದಕ್ಕೆ ಪುರಾವೆ ಏನು? ನೀವು ಇದೇ ಆಪರೇಷನ್ ಎಷ್ಟು ಮಾಡಿದ್ದೀರಿ, ಗುಣ ಆಗದವರಿಗೆ ಏನಾಯಿತು? ಗಾಯ ಪಾದದ ಮೇಲೋ ಕೆಳಗೋ? ಗುಣ ಆಗದಿದ್ದರೆ ಮುಂದಿನ ದಾರಿ ಏನು? "ನೂರಕ್ಕೆ ನೂರು ಸರಿಯಾಗುತ್ತೆ" ಅನ್ನುವ ಉತ್ತರ ಬಂದರೆ ಫೈಲು ಎತ್ತಿಕೊಂಡು ಎದ್ದು ಬನ್ನಿ, ಇನ್ನೊಬ್ಬರನ್ನು ಕೇಳಿ.